ಎಡಗಾಲು

ಇಪ್ಪತ್ತಾರು ವರ್ಷ ನಾನು ಕೂತದ್ದು ಎಡಗಡೆಯ ಸೀಟಿನಲ್ಲಿ.
ಎಡಗಾಲ ಕೆಳಗೆ ಇನ್ನೊಂದು ಬ್ರೇಕು,
ಮೆಕ್ಯಾನಿಕ್ ಪಳನಿ ಕಂಬಿ ಬೆಸೆದು ಕೊಟ್ಟದ್ದು.
ವಿಜಯನಗರದ ಅಡ್ಡರಸ್ತೆಗಳಲ್ಲಿ ಎಲ್ ಬೋರ್ಡು ತೂಗಿಸಿಕೊಂಡು
ಸೊಸೆಯಂದಿರು, ಪಿಯುಸಿ ಹುಡುಗರು,
ನಿವೃತ್ತಿಗೆ ವಾರವಿದ್ದ ಒಬ್ಬ ತಹಸೀಲ್ದಾರರು
ಹಾಫ್ ಕ್ಲಚ್ಚಿನಲ್ಲಿ ನಡುಗುವಾಗ
ಅವರಿಗೆ ಗೊತ್ತಾಗದ ಹಾಗೆ ಒತ್ತಿದ್ದು ನಾನು.
ಎಷ್ಟೋ ಹಸು, ಎಷ್ಟೋ ಸ್ಕೂಟರು, ಮದುವೆ ಮೆರವಣಿಗೆಯ ಒಂದು ಕುದುರೆ
ಈ ಕಾಲಿನ ಋಣದಲ್ಲಿ ಇನ್ನೂ ಓಡಾಡಿಕೊಂಡಿವೆ.

ಈಗ ಸ್ಕೂಲು ಮಾರಿದೆ, ಎರಡು ಹಳೇ ಗಾಡಿ, ಹೆಸರಿನ ಸಮೇತ.
ಬಂದ ದುಡ್ಡು ಒಂದು ಗಾಡಿಗೆ ಸಾಕು.

ಒಂದು ಜಪಾನಿನದು. ಹೊಸದು, ಬಿಳಿ.
ಮೈಸೂರು ರಸ್ತೆಯ ಶೋರೂಮಿನಲ್ಲಿ ಅನ್ನ ಸಾರಿನ ಹಾಗೆ ನಿಂತಿದೆ.
ಇನ್ನೊಂದು ಜರ್ಮನಿಯದು. ಐದು ವರ್ಷದ್ದು,
ಯಾರೋ ಡಾಕ್ಟರು ಬೇಸರ ಬಂದು ಬಿಟ್ಟದ್ದು.
ಬ್ರೋಕರ್ ಡಾಮಿನಿಕ್ ಹೊದಿಕೆ ಎಳೆದಾಗ
ನೇರಳೆ ಹಣ್ಣಿನ ಬಣ್ಣ.
ನಾಲಿಗೆ ತನ್ನಷ್ಟಕ್ಕೆ ಒಗರಾಯಿತು.

ಬೆಲೆ ಹೆಚ್ಚು ಕಡಿಮೆ ಒಂದೇ.

ಪಳನಿ ಕೈ ಒರೆಸಿಕೊಳ್ಳುತ್ತಾ ಹೇಳಿದ:
"ಬಿಳೀದಕ್ಕೆ ನೀವು ಆಯಿಲ್ ಹಾಕೋದು ಮರೆತರೂ
ಅದು ನಿಮ್ಮನ್ನ ಮರೆಯಲ್ಲ ಮೇಡಂ.
ಇದು? ಒಂದು ಸೆನ್ಸರ್ ಕೆಮ್ಮಿದರೆ ನಲವತ್ತು ಸಾವಿರ.
ನನ್ನ ಹತ್ರ ತರಲೂಬೇಡಿ. ಬಾನೆಟ್ ಎತ್ತಿದರೆ ಬರೀ ಪ್ಲಾಸ್ಟಿಕ್ಕು,
ಇಂಜಿನ್ನು ಎಲ್ಲೋ ಗರ್ಭಗುಡಿಯಲ್ಲಿರುತ್ತೆ."

ಮನೆಯವರು ಬಿಟಿಎಸ್ ಕಾಲದಿಂದ ಬಸ್ಸು ಓಡಿಸಿದವರು,
ಬೆಳಗಿನ ನಾಲ್ಕೂವರೆಯ ಮೊದಲ ಟ್ರಿಪ್ಪು, ಒಂದು ದಿನ ತಡವಿಲ್ಲ.
"ಗಾಡಿ ಅಂದರೆ ಕೀ ತಿರುಗಿಸಿದರೆ ಎದ್ದೇಳಬೇಕು.
ಮಿಕ್ಕಿದ್ದೆಲ್ಲ ಶೋಕಿ" ಎಂದರು.
ಅವರೂ ಹಾಗೆಯೇ. ಕರೆದಾಗ ಎದ್ದವರು.
ಇದನ್ನು ದೂರು ಎಂದು ಹೇಳುತ್ತಿಲ್ಲ.

ಬಿಳಿಯದನ್ನು ಓಡಿಸಿದೆ. ಚೆನ್ನಾಗಿತ್ತು.
ಚೆನ್ನಾಗಿತ್ತು ಎನ್ನುವುದರ ಆಚೆಗೆ ಒಂದು ಮಾತು ಹುಡುಕಿದೆ:
ಸೀಟು ಎತ್ತರ, ಏಸಿ ತಂಪು,
ಹಿಂದೆ ಎರಡು ಗ್ಯಾಸ್ ಸಿಲಿಂಡರು ಹಿಡಿಯುತ್ತವೆ.
ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಹದಿನೆಂಟು ನಿಮಿಷ.
ಆಟೋಮ್ಯಾಟಿಕ್ಕಿನ ಖಾಲಿ ನೆಲವನ್ನು ಎಡಗಾಲು ಒತ್ತುತ್ತಲೇ ಇತ್ತು,
ಮುಂದಿನ ಟೆಂಪೋಗೆ, ಪಕ್ಕದ ಆಟೋಗೆ,
ಇನ್ನೂ ಹುಟ್ಟದ ಗುಂಡಿಗೆ.

ನೇರಳೆಯದನ್ನೂ ಅದೇ ಸಿಗ್ನಲ್ಲಿಗೆ ತಂದೆ.
ನೂರೆಂಬತ್ತು ಕುದುರೆ ಕಟ್ಟಿದ ಸಾರೋಟನ್ನು
ಸೊಪ್ಪಿನ ತಳ್ಳುಗಾಡಿಯವಳು ಹಿಂದೆ ಹಾಕಿ ಹೋದಳು.
"ನಗಬೇಡಿ" ಎಂದೆ ಡಾಮಿನಿಕ್‌ಗೆ.

ಆಮೇಲೆ ನೈಸ್ ರಸ್ತೆ. ಟೋಲು ಕೊಟ್ಟೆ.
ಕನಕಪುರ ರಸ್ತೆಯ ಕಡೆ ಬಳಸುವ ಒಂದು ತಿರುವಿನಲ್ಲಿ
ಡಾಂಬರಿನ ಒರಟು, ಅದರ ಮೇಲಿನ ತೇಪೆ
ಸ್ಟಿಯರಿಂಗ್ ಹಾದು ಬೆರಳ ತುದಿಗೆ ಬಂತು,
ಅಕ್ಕಿ ಆರಿಸುವಾಗ ಕಲ್ಲು ಸಿಕ್ಕ ಹಾಗೆ.
ತಿರುವು ಮುಗಿದ ಮೇಲೆ ಗೊತ್ತಾಯಿತು,
ಎಡಗಾಲು ನಿದ್ದೆ ಹೋಗಿತ್ತು
ಮ್ಯಾಟಿನ ಮೇಲೆ ಒಂದು ಪಕ್ಕಕ್ಕೆ ಒರಗಿ.

ಹಿಂದಿನ ಸೀಟಿನಲ್ಲಿ ಮನೆಯವರು
ಬಾಗಿಲ ಮೇಲಿನ ಹಿಡಿ ಹಿಡಿದು ಕೂತಿದ್ದರು.
ಬೈಗುಳಕ್ಕೆ ಸಿದ್ಧವಾಗಿ ಕನ್ನಡಿ ನೋಡಿದೆ.
"ಇನ್ನೊಂಚೂರು ಒತ್ತಬಹುದಿತ್ತು" ಎಂದರು
ಕಿಟಕಿಯ ಆಚೆಗೆ ಮುಖ ಮಾಡಿಕೊಂಡು.

ರಾತ್ರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.
ಇನ್ಶೂರೆನ್ಸು, ಟೈರು, ಕೆಮ್ಮುವ ಸೆನ್ಸರು.
ಎಲ್ಲ ಸಾಲೂ ಬಿಳಿಯದರ ಕಡೆಗೇ ಕೂಡಿತು.
ಮತ್ತೆ ಕೂಡಿದೆ. ಲೆಕ್ಕ ಸರಿ. ಪಳನಿಯೂ ಸರಿ.

ಬೆಳಿಗ್ಗೆ ಚೆಕ್ ಬುಕ್ ತೆಗೆದೆ.
ಹೆಸರು ಬರೆಯುವಾಗ ಕೈ ನಡುಗಲಿಲ್ಲ.
ಮೇಜಿನ ಕೆಳಗೆ ಎಡಗಾಲು ಮಾತ್ರ
ಅಭ್ಯಾಸಬಲದಿಂದ ಒಮ್ಮೆ ಜೋರಾಗಿ ಒತ್ತಿತು.

ಏನೂ ನಿಲ್ಲಲಿಲ್ಲ.