ಭುಜದಿಂದ ಮೇಲೆ

ಪಾಸ್‌ಪೋರ್ಟಿಗೆ ನಗಬಾರದು, ಇದಕ್ಕೆ ನಗಬೇಕು.
ಇಪ್ಪತ್ತಾರು ವರ್ಷದ ಸ್ಟುಡಿಯೋದಲ್ಲಿ
ನಾನು ಕಲಿತದ್ದು ಇಷ್ಟೇ.

ಫಿನ್ಲೆಂಡಿನ ಕೊಲ್ಲಿಯಂಚಿನ ಊರು,
ನವೆಂಬರ್, ಮೂರೂವರೆಗೇ ಕತ್ತಲು.
ಕಾಗದದ ಕಾರ್ಖಾನೆ ಬಾಗಿಲೆಳೆದ ವಾರದಿಂದ
ಒಬ್ಬೊಬ್ಬರೇ ಬರುತ್ತಾರೆ,
ಮದುವೆಗೋ ಮಣ್ಣಿಗೋ ಮಾತ್ರ ಹಾಕುತ್ತಿದ್ದ ಕೋಟು ತೊಟ್ಟು,
ಉದ್ಯೋಗ ಕಚೇರಿಯ ಹುಡುಗಿ ಕೊಟ್ಟ ಚೀಟಿ ಹಿಡಿದು:
'ತಿಳಿ ಹಿನ್ನೆಲೆ. ಭುಜದಿಂದ ಮೇಲೆ. ಆತ್ಮವಿಶ್ವಾಸದ ನಗೆ.'

ಕಳೆದ ವಾರ ಲ್ಯಾಬಿನ ತುಯಿಯಾ
ನರೆ ಅಳಿಸಿಕೊಡಿ ಎಂದಳು, ಅಳಿಸಿದೆ.
ಮರುದಿನ ಬಂದು, ವಾಪಸ್ ಹಾಕಿ ಎಂದಳು,
ಸಂದರ್ಶನಕ್ಕೆ ಹೋಗಬೇಕಾದವಳು ನಾನಲ್ಲವೇ.

ಇಂದು ಕೌಕೋ ಸಿಮೋಲಾ.
ಮೂರನೇ ಯಂತ್ರದ ಮುಂದೆ ಮೂವತ್ತೊಂದು ವರ್ಷ.
ಹೊಸ ಅಂಗಿಯ ಕಾಲರಿನಲ್ಲಿ
ಅಂಗಡಿಯ ಗುಂಡುಸೂಜಿ ಇನ್ನೂ ಇದೆ.
'ನಗಿ' ಅಂದೆ.
'ಯಾಕೆ?' ಅಂದರು.
ನಿಜವಾಗಿಯೂ ಕೇಳಿದರು.

ಫೋನು ತೆಗೆದು ತೋರಿಸಿದರು,
ಅಣ್ಣನ ಮಗಳು ತುಂಬಿಕೊಟ್ಟ ಪುಟ:
'ಫಲಿತಾಂಶವೇ ಉಸಿರಾದ ಪ್ರಕ್ರಿಯಾ ತಜ್ಞ.
ಬದಲಾವಣೆಯ ಉತ್ಸಾಹಿ. ತಂಡಗಳ ಸ್ಫೂರ್ತಿ.'
'ಈ ಮನುಷ್ಯ ಯಾರೋ,' ಅಂದರು ಕೌಕೋ,
'ಎದುರು ಸಿಕ್ಕರೆ ನಾನಂತೂ ಕೆಲಸ ಕೊಡುವುದಿಲ್ಲ.'

ಇಲ್ಲಿ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವನನ್ನು
ಸೌನಾದಲ್ಲೂ ಪಕ್ಕ ಕೂರಿಸುವುದಿಲ್ಲ.
ತುಂಬಿದ ಕೊಡ ತುಳುಕಬಾರದು, ಸರಿ.
ಆದರೆ ಕೊಡಗಳನ್ನೆಲ್ಲ ಸಾಲಾಗಿ ಕೂರಿಸಿ
ತುಳುಕಿ ತೋರಿಸಿ ಎನ್ನುತ್ತಿದೆ ಪರದೆ.
ಖಾಲಿಯವು ಮನೆಯಿಂದಲೇ
ಮೈ ಒದ್ದೆ ಮಾಡಿಕೊಂಡು ಬಂದಿವೆ.

'ಕೌಶಲಗಳು' ಎಂಬ ಚೌಕ. ಐದು ತುಂಬಬೇಕು.
ಎರಡು ತುಂಬಿದ್ದರು ಸ್ವಂತ ಕೈಯಿಂದ:
ಫೋರ್ಕ್‌ಲಿಫ್ಟ್. ಸ್ವೀಡಿಷ್, ಸ್ವಲ್ಪ.
ಮಿಕ್ಕದ್ದು?
'ಹಾಳೆ ಹರಿಯುವ ಮೊದಲು ಯಂತ್ರದ ದನಿ
ಒಂದೆಳೆ ತೆಳ್ಳಗಾಗುತ್ತದೆ,
ಹಾಲು ಉಕ್ಕುವ ಮುಂಚೆ ಸುಮ್ಮನಾಗುತ್ತದಲ್ಲ, ಹಾಗೆ.
ನನಗದು ಕೇಳುತ್ತಿತ್ತು.
ಊಟದ ಕೋಣೆಯಲ್ಲಿದ್ದರೂ.
ಹೆಂಡತಿಯ ಆಸ್ಪತ್ರೆಯಲ್ಲಿ ಕೂಡ
ಯಾವುದೋ ದನಿ ತೆಳ್ಳಗಾದರೆ ಎದ್ದು ನಿಲ್ಲುತ್ತಿದ್ದೆ.'

ಆ ಚೌಕದಲ್ಲಿ 'ಕೇ' ಎಂದು ಒತ್ತಿದರೆ
ಉಳಿದದ್ದನ್ನು ಪರದೆಯೇ ಬರೆಯುತ್ತದೆ:
'ಕೇಂದ್ರೀಕೃತ ನಾಯಕತ್ವ'.

ಆಸ್ಪತ್ರೆಯ ಆ ಹದಿನಾಲ್ಕು ತಿಂಗಳು
ಖಾಲಿ ಬಿಡಬಾರದಂತೆ.
ಹುಡುಗಿ ಬರೆದಿದ್ದಾಳೆ: 'ಸ್ವಯಂ ಅಭಿವೃದ್ಧಿ'.
ಆ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಯೇ
ಪುಟ ತೋರಿಸಿದರು ನನಗೆ.

ಇಪ್ಪತ್ತೆರಡು ಸಲ ಒತ್ತಿದೆ.
ಇಪ್ಪತ್ತೆರಡರಲ್ಲೂ ಹಲ್ಲುನೋವಿನ ಮುಖ.
ಮುಂದಿನದಕ್ಕೆ ಅಣಿಯಾಗುವಾಗ
ತಟ್ಟನೆ ಕತ್ತು ಹೊರಳಿಸಿದರು
ಮೂಲೆಯ ನನ್ನ ಹೀಟರಿನ ಕಡೆ.
ಹುಬ್ಬು ಬಿಚ್ಚಿತು. ತುಟಿ ತುಸು ತೆರೆಯಿತು,
ದೂರದಿಂದ ಯಾರೋ ಹೆಸರು ಹಿಡಿದು ಕರೆದಂತೆ.
ನನ್ನನ್ನು ಕೇಳದೆ ನನ್ನ ಬೆರಳು ಒತ್ತಿತ್ತು.
'ಫ್ಯಾನಿನ ಬೇರಿಂಗು,' ಅಂದರು. 'ಗುರುವಾರ ಹೋಗುತ್ತೆ.'

ಆ ಚಿತ್ರವನ್ನು ಅವರು ಆರಿಸಲಿಲ್ಲ.
'ಕ್ಯಾಮೆರಾ ನೋಡುತ್ತಿಲ್ಲವಲ್ಲ,' ಅಂದರು, ನ್ಯಾಯವಾಗಿಯೇ.
ಹದಿನೇಳನೆಯದನ್ನು ಕೊಂಡರು.
ಅದರ ಸುತ್ತ ಈಗ ಹಸಿರು ಬಳೆ: ಕೆಲಸಕ್ಕೆ ಸಿದ್ಧ.
ಮೆಚ್ಚಿದವರು ಮೂವರು. ಒಬ್ಬಳು ಔಲುವಿನ ಅಕ್ಕ.

ನನ್ನದೂ ಒಂದು ಪುಟವಿದೆ, ಹೇಳಿಬಿಡುತ್ತೇನೆ.
'ಬೆಳಕಿನ ಕಥೆಗಾರ್ತಿ' ಎಂದು ಬರೆದುಕೊಂಡಿದ್ದೇನೆ.
ಚಿತ್ರ ಹನ್ನೊಂದು ವರ್ಷ ಹಳೆಯದು.
ಆಗ ನನಗೆ ಕುತ್ತಿಗೆ ಇತ್ತು.

ಗುರುವಾರ ಹೀಟರು ಓಡಿತು. ಶುಕ್ರವಾರವೂ.
ಶನಿವಾರ, ಒಂದು ಮಗುವಿನ ಪಾಸ್‌ಪೋರ್ಟಿನ ನಡುವೆ
ಗರ್ರೆಂದು ನಿಂತಿತು.

ಕೋಟು ಹೊದ್ದು ಕೂತು ಅವರ ಪುಟ ತೆರೆದೆ.
'ಶಿಫಾರಸು' ಎಂಬ ಖಾಲಿ ಜಾಗದಲ್ಲಿ ಬರೆದೆ:
'ಗುರುವಾರ ಎಂದಿದ್ದರು. ಎರಡು ದಿನ ತಪ್ಪಿದರು.
ಕೇಳಿಸಿಕೊಂಡದ್ದು ಮಾತ್ರ ಇವರೊಬ್ಬರೇ.'

ಇದನ್ನು ಇನ್ನಷ್ಟು ಸಕಾರಾತ್ಮಕವಾಗಿ
ತಿದ್ದಿಕೊಡಲೇ ಎಂದಿತು ಪರದೆ.
ಬೇಡ, ಒತ್ತಿದೆ.
ಬೆರಳು ಮರಗಟ್ಟಿತ್ತು,
ಎರಡು ಸಲ ಒತ್ತಬೇಕಾಯಿತು.