ಬಿಟ್ಟಿ ಎಲೆ

ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ
ರಾತ್ರಿ ಪಾಳಿಯ ಗುಮಾಸ್ತ ನಾನು.
ಅಮೋನಿಯದ ಘಾಟು, ಕಂಪ್ರೆಸರಿನ ಗೊರಕೆ,
ಮೇಜಿನ ಮೇಲೆ ಕೂಪನ್ ಪುಸ್ತಕ, ಕಾರ್ಬನ್ ಹಾಳೆ,
ಅದರಡಿ ಚಾರ್ಜಿಗಿಟ್ಟ ಫೋನು.
ಫೋನಿನೊಳಗೆ ಇನ್ನೊಂದು ಮೇಜು, ಹಸಿರು,
ಆರು ಕುರ್ಚಿ, ಒಂದು ಎರಡು ರೂಪಾಯಿಯ ಆಟ.
ನಗಬೇಡಿ. ಎರಡು ರೂಪಾಯಿಗೂ ಕೈ ಬೆವರುತ್ತದೆ,
ಇಲ್ಲಿ ಬೆವರು ಬೇಗ ತಣ್ಣಗಾಗುತ್ತದೆ, ಅಷ್ಟೆ.

ಮೂರೂ ಮುಕ್ಕಾಲಕ್ಕೆ ಬಂತು ಜೋಡಿ ರಾಣಿ,
ಒಬ್ಬಳು ಕಳಾವರ್, ಒಬ್ಬಳು ಡೈಮನ್.
ಎಂಟು ಅಂದೆ. ಇಬ್ಬರು ಉಳಿದರು:
ಕಾಪು ಟೈಗರ್ ಅಂತ ಒಬ್ಬ,
ಹೆಸರಿನ ಜಾಗದಲ್ಲಿ ಮೂರು ಚುಕ್ಕಿ ಇಟ್ಟವ ಇನ್ನೊಬ್ಬ.
ಬಿದ್ದವು ಮೂರು ಎಲೆ:
ಆಟೀನ್ ಗುಲಾಮ, ಆಟೀನ್ ಒಂಬತ್ತು, ಇಸ್ಪೀಟಿನ ನಾಲ್ಕು.

ಈಗ ನಾನೇ ಮೇಲೆ. ಅದು ಗೊತ್ತು.
ಎಷ್ಟು ಹೊತ್ತು ಮೇಲೆ, ಅದು ಗೊತ್ತಿಲ್ಲ.
ಇನ್ನೊಂದು ಆಟೀನ್, ಒಂದು ಹತ್ತು, ಒಂದು ರಾಜ, ಒಂದು ಎಕ್ಕ,
ಕಟ್ಟಿನಲ್ಲಿ ಉಳಿದ ಅರ್ಧ ಎಲೆಗಳು
ನನ್ನ ಮೇಲೆ ಹಲ್ಲು ಮಸೆಯುತ್ತಿವೆ.

ಮೊದಲ ವರ್ಷ ಇಂಥ ಕೈ ಬಂದರೆ
ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ.
ಬಲ ಉಂಟಲ್ಲ, ಅವಸರ ಎಂತಕ್ಕೆ, ಬರಲಿ, ಇನ್ನೂ ಬರಲಿ.
ಬರುತ್ತಿತ್ತು. ನನಗಲ್ಲ.
ಬಿಟ್ಟಿ ಎಲೆ ನೋಡಿದವ ಬಿಟ್ಟಿಯಲ್ಲೇ ಬೆಳೆದು
ಸಿಗಡಿ ಸುಲಿದ ಹಾಗೆ ನನ್ನ ಜೋಡಿ ಸುಲಿಯುತ್ತಿದ್ದ.
ಆಪಿನ ಮೋಸ ಅಂದೆ. ಶನಿ ಅಂದೆ. ನೆಟ್‌ವರ್ಕ್ ಅಂದೆ.

ಕಲಿಸಿದ್ದು ವಾರಿಜಕ್ಕ.
ಅವಳಿಗೆ ಎಕ್ಕವೂ ಗೊತ್ತಿಲ್ಲ, ಗುಲಾಮನೂ ಗೊತ್ತಿಲ್ಲ.
ಐದು ಬುಟ್ಟಿ ಅಂಜಲ್ ಮುಂದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ
ಬೆಳಕು ಹರಿಯುವ ಮೊದಲೇ ದರ ಕೂಗುವವಳು.
ಇನ್ನರ್ಧ ಗಂಟೆ ಕಾಯಬಹುದಲ್ಲ ಅಂದೆ ಒಮ್ಮೆ.
"ಇದರ ಕಣ್ಣು ನೋಡು. ಈಗ ಗಾಜು, ಅರ್ಧ ಗಂಟೆಗೆ ಹಾಲು.
ಅಷ್ಟರಲ್ಲಿ ಎರಡು ಬೋಟು ಒಳಗೆ ಬಂತೋ,
ನನ್ನ ಅಂಜಲಿಗೂ ಬೂತಾಯಿಯ ಬೆಲೆ.
ಮುಟ್ಟಿ ನೋಡುವವರಿಗೆ ಈಗಲೇ ಬೆಲೆ ಹೇಳಬೇಕು ಜಯಕರಾ.
ನೋಡುವುದೇ ಧರ್ಮಕ್ಕಾದರೆ ಕೊಳ್ಳುವವ ಯಾರು?"

ಇಪ್ಪತ್ತೈದರ ರಾಶಿಗೆ ಇಪ್ಪತ್ತು ಇಟ್ಟೆ.
ಇಬ್ಬರೂ ಬಂದರು. ಬರುತ್ತಾರೆ.
ಚಿಲ್ಲರೆ ಆಟದಲ್ಲಿ ಯಾರಿಗೂ ಹೆದರಿಕೆ ಇಲ್ಲ,
ನಾನು ಇಟ್ಟದ್ದೂ ಹೆದರಿಸಲಿಕ್ಕಲ್ಲ.
ಬರುವುದಾದರೆ ಬಾ, ಟಿಕೆಟು ತೆಗೆದುಕೊಂಡು ಬಾ.
ನಾಲ್ಕನೆಯದು ಕಳಾವರಿನ ಎರಡು, ಯಾರಿಗೂ ಬೇಡದ್ದು.
ಎಂಬತ್ತೈದರ ರಾಶಿಗೆ ಅರವತ್ತು.
ಕಾಪು ಟೈಗರ್ ಬಾಲ ಮಡಚಿದ.
ಮೂರು ಚುಕ್ಕಿ ಯೋಚಿಸಿತು,
ಸಮಯದ ಪಟ್ಟಿ ಕೆಂಪಾಗುವವರೆಗೆ ಯೋಚಿಸಿತು.
ಹೊರಗೆ ಕ್ರಷರಿಗೆ ಬಿದ್ದ ಗಡ್ಡೆಯೊಂದು
ಬೊಬ್ಬೆ ಹಾಕುತ್ತಾ ಪುಡಿಯಾಯಿತು.
ಬಂತು ಅರವತ್ತು.

ಕೊನೆಯ ಎಲೆ, ಆಟೀನಿನ ಐದು.
ಬೊಳಂಜೀರಿನಷ್ಟು ಸಣ್ಣದು, ಅಷ್ಟೇ ಹೊಳಪು.
ನಾನು ಪಾಸ್ ಅಂದೆ.
ಅವನು ನನ್ನಲ್ಲಿ ಉಳಿದಷ್ಟನ್ನೂ ಕೇಳಿದ.
ರಾಣಿಯರಿಬ್ಬರನ್ನೂ ಕವುಚಿ ಹಾಕಿದೆ.
ಎಂಬತ್ತೆಂಟು ರೂಪಾಯಿ.
ಕೈ ನಡುಗಲಿಲ್ಲ. ಅದನ್ನು ಹೇಳಿಕೊಳ್ಳಲು
ಕಂಪ್ರೆಸರ್ ಬಿಟ್ಟರೆ ಯಾರೂ ಇರಲಿಲ್ಲ.

ಏಳಕ್ಕೆ ವಾರಿಜಕ್ಕ ಬಂದಳು, ಐಸಿನ ಲೆಕ್ಕ ಚುಕ್ತಾ ಮಾಡಲು.
ಐದೂ ಬುಟ್ಟಿ ಕಿಲೋಗೆ ನಾನೂರ ಇಪ್ಪತ್ತಕ್ಕೆ ಕೊಟ್ಟಾಗಿತ್ತು.
ಬರಬೇಕಾದ ಬೋಟುಗಳು ಇಂಜಿನ್ ಕೆಟ್ಟು ಗಂಗೊಳ್ಳಿಯಲ್ಲಿ ನಿಂತವಂತೆ,
ದರ ಐನೂರು ದಾಟಿತಂತೆ, ಧಕ್ಕೆಯಿಡೀ ಅದೇ ಸುದ್ದಿ.
ತಪ್ಪಾಯಿತಲ್ಲ ಅಕ್ಕ, ಅಂದೆ.
"ಎಂತ ತಪ್ಪು? ನಾನು ಕೂಗುವಾಗ ಅದು ಸರಿ ಇತ್ತು."
ಕೂಪನು ಎರಡು ಸಲ ಎಣಿಸಿದಳು,
ಗಡ್ಡೆಗೆ ಐದು ರೂಪಾಯಿ ಕಡಿಮೆ ಮಾಡೆಂದು ಜಗಳಾಡಿ ಗೆದ್ದಳು.
ಆಮೇಲೆ ಸಂಚಿ ಬಿಚ್ಚಿ
ಒದ್ದೆ ಬಟ್ಟೆಯಿಂದ ಒಂದು ವೀಳ್ಯದೆಲೆ ಎಳೆದು
ನನ್ನ ಕೈಗಿಟ್ಟಳು, ಧರ್ಮಕ್ಕೆ.

ಸುಣ್ಣ ಹೆಚ್ಚಾಗಿತ್ತು. ನಾಲಗೆ ಸುಟ್ಟಿತು.