ಹನ್ನೆರಡು ಸಾವಿರ ಮಾತ್ರ

ಮೂವತ್ತೊಂದು ವರ್ಷ ಕೂಡ್ಲೂರಿನ ಕಾಫಿ ಕ್ಯೂರಿಂಗಿನಲ್ಲಿ
ಔಟ್‌ಟರ್ನ್ ಬರೆದವನು ನಾನು.
ಐವತ್ತು ಕಿಲೋ ಚೆರ್ರಿ ಸುರಿದರೆ
ಇಪ್ಪತ್ತಾರು ಕಿಲೋ ಬೀಜ, ಉಳಿದದ್ದು ಹೊಟ್ಟು.
ಅದಕ್ಕೇ ಇರಬೇಕು, ರಾಗದ ಗಂಧಗಾಳಿಯಿಲ್ಲದ ನನ್ನನ್ನು
ಸಂಗೀತ ಟ್ರಸ್ಟಿಗೆ ಖಜಾಂಚಿ ಮಾಡಿದರು.

ಚೋಂದಮ್ಮ ಟೀಚರ್ ಬರೆದಿಟ್ಟು ಹೋದದ್ದು
ಸಿಲ್ವರ್ ಓಕಿಗೆ ಹಬ್ಬಿದ ನಾನೂರು ಬಳ್ಳಿ ಮೆಣಸು.
ಅದರ ಹುಟ್ಟುವಳಿಯಲ್ಲಿ
ಸಂಗೀತದ ಎಂ.ಎ. ಓದುವ ಒಬ್ಬರಿಗೆ ತಿಂಗಳ ವೇತನ.
ಶರತ್ತು ಒಂದೇ: ಕಲಿಯುತ್ತಿರುವಾಗಲೇ ಕಲಿಸಬೇಕು.
‘ಪೂರ್ತಿ ಕಲಿತವರು ಮರೆತಿರುತ್ತಾರೆ
ಬಾರದಿರುವುದು ಹೇಗಿರುತ್ತದೆಂದು.’
ಉಯಿಲಿನಲ್ಲಿ ಇದನ್ನೆಲ್ಲ ಬರೆಯುತ್ತಾರೆಯೇ
ಅಂದರಂತೆ ವಕೀಲರು.
ಬರೆಯಿರಿ, ಅಂದರಂತೆ.

ಈ ವರ್ಷ ಬಳ್ಳಿಗೆ ಸೊರಗು ರೋಗ.
ಸಭೆಯಲ್ಲಿ ಬೆಳ್ಯಪ್ಪ ಕೆಮ್ಮಿ ಹೇಳಿದರು:
ಇರುವ ದುಡ್ಡಿಗೆ ಶಾಲೆಗೊಂದು ಕೀಬೋರ್ಡ್ ಕೊಡಿಸಿಬಿಡೋಣ,
ಮೇಲೆ ಟೀಚರ ಹೆಸರು ಕೆತ್ತಿಸಬಹುದು,
ಹುಡುಗಿಯ ಮೇಲೆ ಕೆತ್ತಿಸಲಾಗುವುದಿಲ್ಲವಲ್ಲ.
ಎಲ್ಲರೂ ನಕ್ಕರು. ನಾನೂ.
ಖಜಾಂಚಿ ಹೋಗಿ ನೋಡಿ ಬರಲಿ, ಎಂದು ಠರಾವು.

ಕೂಡಿಗೆಯ ಶಾಲೆ, ಬಿಸಿಯೂಟದ ಕೋಣೆಯ ಪಕ್ಕ.
ಒಗ್ಗರಣೆಯ ಘಾಟಿನಲ್ಲಿ ಕುಳಿತಿದ್ದಳು ನಳಿನಾಕ್ಷಿ.
ವಾರಕ್ಕೆ ಮೂರು ದಿನ ಮೈಸೂರಿನ ಬಸ್ಸು, ಎರಡು ದಿನ ಇಲ್ಲಿ.
ವಾಲಗದವರ ಮಗಳು;
ಅಪ್ಪ ಊದದ ಮದುವೆಯಿಲ್ಲ ಈ ಸೀಮೆಯಲ್ಲಿ,
ಊದಿದ್ದೆಲ್ಲ ಅಂಗಳದಲ್ಲಿ.
ಹಾಜರಿ ಹತ್ತೊಂಬತ್ತು. ಪೆನ್ನು ಬಿಚ್ಚಿದೆ.
ಎಷ್ಟು ಪಾಠ ಆಯಿತಮ್ಮ, ಆರು ತಿಂಗಳಲ್ಲಿ?
‘ಸ,’ ಎಂದಳು. ‘ಆಮೇಲೆ ಪ.
ಮೇಲಿನ ಸ ಇನ್ನೂ ಕೆಲವರಿಗೆ ಸಿಕ್ಕಿಲ್ಲ.’
ನನ್ನ ಕೈ ತಾನಾಗಿಯೇ ಹೊಟ್ಟು ಕಳೆಯತೊಡಗಿತು.

ಹಿಂದಿನ ಬೆಂಚಿನಲ್ಲಿ ಅಮೀನುಲ್,
ಅಸ್ಸಾಮಿನಿಂದ ತೋಟದ ಲೈನ್‌ಮನೆಗೆ ಬಂದು ಎಂಟು ತಿಂಗಳು.
ಕನ್ನಡ ಇನ್ನೂ ಬಾರದು. ಸ ಬರುತ್ತದೆ.
ಕಣ್ಣು ಮುಚ್ಚಿ ಹಿಡಿದ, ಬಿಡಲಿಲ್ಲ.
ನಳಿನಾಕ್ಷಿ ತಟ್ಟನೆ ನಿಲ್ಲಿಸಿದಳು.
‘ನನ್ನದು ಕೂದಲೆಳೆ ಇಳಿದಿತ್ತು, ಇವನದೇ ಸರಿ,’
ಎಂದು ಮಕ್ಕಳೆದುರೇ ಹೇಳಿ
ಅವನ ಸ್ವರದ ಮೇಲೆ ತನ್ನದನ್ನು
ತುಂಬಿದ ಕೊಡ ಇಡುವ ಹಾಗೆ ಇಟ್ಟಳು.
ನನಗೆಲ್ಲಿ ತಿಳಿಯಬೇಕು ಇಳಿದದ್ದು, ಏರಿದ್ದು!
ಕಿಟಕಿಯ ಸರಳು ಹಿಡಿದಿದ್ದೆ. ಅದು ನಡುಗಿದ್ದು ತಿಳಿಯಿತು.

ನಿನ್ನೆ ರಾತ್ರಿ ಚೆಕ್ಕು ಬರೆದೆ. ಅಕ್ಷರದಲ್ಲಿ:
ಹನ್ನೆರಡು ಸಾವಿರ ರೂಪಾಯಿ ಮಾತ್ರ.
ಆ ಕೊನೆಯ ಪದವನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ
ಹಿಂದೆ ಯಾರೂ ಇನ್ನೇನೂ ಸೇರಿಸದಿರಲೆಂದು.
ನಿನ್ನೆ ಮಾತ್ರ ಪೆನ್ನು ಅಲ್ಲೇ ನಿಂತಿತು.
ಇಷ್ಟೇ ಎನ್ನುವ ಮಾತ್ರಕ್ಕೂ
ತಾಳ ಎಣಿಸುವ ಮಾತ್ರೆಗೂ
ಒಂದು ಎತ್ವದಷ್ಟೇ ದೂರ.
ಎತ್ವ ಹಾಕಲಿಲ್ಲ. ಬ್ಯಾಂಕಿನವರು ವಾಪಸು ಮಾಡಿಬಿಡುತ್ತಾರೆ.

ಎರಡನೆಯ ರುಜು ಬೆಳ್ಯಪ್ಪನವರದು.
ಫೋನಿನಲ್ಲಿ, ಕಳಿಸಿ ನೋಡೋಣ, ಅಂದಿದ್ದಾರೆ.
ಕಳಿಸುವುದಿಲ್ಲ.
ಗುರುವಾರ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು
ಕೂಡಿಗೆಗೆ ಹೋಗುತ್ತೇನೆ, ಆ ಕಿಟಕಿಯ ಹತ್ತಿರ.
ಪೆನ್ನು ನನ್ನ ಜೇಬಿನಲ್ಲಿರುತ್ತದೆ.